ಸಭೆಯ ಒಬ್ಬ ಸಹೋದರಿ

ಔರಾದ
3 ಸೆಪ್ಟೆಂಬರ್ 2024

ಪ್ರೀತಿಯ ಸಖುಬಾಯಿ ಆಯಿಯವರಿಗೆ,

ತಿಮೋಥಿಯ ವಂದನೆಗಳು. ನಿಮ್ಮ ಕಿವಿ ಪೂರ್ತಿ ಹೋದ ಮೇಲೆ ಫೋನ್ ಮಾಡಿ ಪ್ರಯೋಜನವಿಲ್ಲ, ಅದಕ್ಕೇ ಈ ಪತ್ರ. ಅಲ್ಲದೆ ಇದು ಕೂಗಿ ಹೇಳುವ ವಿಷಯವೂ ಅಲ್ಲ.

ನಮ್ಮ ಸಭೆಯಲ್ಲಿ ಒಬ್ಬ ಸಹೋದರಿ ಇದ್ದಾಳೆ. ಹೆಸರು ಬೇಡ. ಎರಡು ವಾರದಿಂದ ಅವಳಿಗೆ ಒಂದು ಧ್ವನಿ ಕೇಳಿಸುತ್ತಿದೆ. ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಹಿಂದಿನಿಂದ ಬರುತ್ತದಂತೆ. ಗಂಡಸಿನ ಧ್ವನಿ, ಬಹಳ ಮರ್ಯಾದೆಯಿಂದ ಮಾತಾಡುತ್ತದಂತೆ. "ನಿನ್ನ ಹತ್ತಿರ ಇರೋದು ನಿಂದಲ್ಲ, ತಿರುಗಿ ಕೊಟ್ಟುಬಿಡು" ಎನ್ನುತ್ತದಂತೆ. ಏನನ್ನು ಎಂದು ಕೇಳಿದರೆ ಬಾಯಿ ಮುಚ್ಚಿಕೊಂಡು ಅಳುತ್ತಾಳೆ. ಹಾಡು ಹಾಡಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ನಿನ್ನೆ ಪ್ರಾರ್ಥನೆಗೆಂದು ಅವಳ ತಲೆಯ ಮೇಲೆ ಕೈಯಿಟ್ಟೆ. ಅವಳು ತಲೆಯೆತ್ತಿ ನೋಡಿದಳು. ನನಗೆ ಪರಿಚಯವೇ ಇಲ್ಲದ ಯಾರೋ ಆ ಕಣ್ಣಿನೊಳಗಿಂದ ನೋಡಿದ ಹಾಗಾಯಿತು. ಕೈ ತಾನಾಗಿ ಹಿಂದೆ ಬಂತು. ಪಾದ್ರಿಯಾದವನು ಹೀಗೆ ಬರೆಯಬಾರದು, ಆದರೆ ನಿಮ್ಮ ಮುಂದೆ ಮುಚ್ಚಿಟ್ಟು ಏನು ಮಾಡಲಿ?

ಪಾದ್ರಿ ಕಾಲೇಜಿನಲ್ಲಿ ನಮಗೆ ಕಲಿಸಿದ ಒಬ್ಬರು, ಸೈತಾನನೆಂದರೆ ಮನುಷ್ಯರ ಕೆಟ್ಟತನಕ್ಕೆ ನಾವು ಇಟ್ಟ ಹೆಸರು, ಬೇರೆ ಯಾರೂ ಇಲ್ಲ ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ನಾನೂ ಹಾಗೇ ಬರೆದು ಪಾಸಾದೆ. ಈಗ ಆ ಉತ್ತರ ನನ್ನ ಕೈಹಿಡಿಯುತ್ತಿಲ್ಲ. ಅವನು ಇದ್ದಾನೆಯೆ? ಇದ್ದರೆ ದೀಕ್ಷಾಸ್ನಾನ ಪಡೆದವಳ ಮೈಯಲ್ಲಿ ಅವನಿಗೆ ಜಾಗ ಹೇಗೆ ಸಿಗುತ್ತದೆ? ಸಂಡೇ ಸ್ಕೂಲಿನಲ್ಲಿ ನೀವು ಪ್ರತಿ ವರ್ಷ ಜನವಾಡದ ಹೆಂಗಸಿನ ಸಾಕ್ಷಿ ಹೇಳುತ್ತಿದ್ದಿರಿ. ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿದರೂ ಅವನು ಅವಳನ್ನು ಬಿಡದೆ ಬಾವಿಗೆ ಎಳೆದದ್ದು. ಈಗ ದಿನಾ ಅದೇ ನೆನಪಾಗುತ್ತದೆ.

ಸಪ್ನಾ ಮತ್ತು ಕೂಸು ಭಾಲ್ಕಿಯಲ್ಲಿ ಅವಳ ತವರಲ್ಲಿ ಚೆನ್ನಾಗಿದ್ದಾರೆ.

ನಿಮ್ಮ ಮಗನಂಥ
ತಿಮೋಥಿ


ಮೈಲೂರ, ಬೀದರ
7 ಸೆಪ್ಟೆಂಬರ್ 2024

ತಿಮೋಥಿ,

ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ಎರಡು ಸಲ ಓದಿದೆ. ಎರಡನೆಯ ಸಲ ನಗು ಬರಲಿಲ್ಲ.

ಮೊದಲು ನಿನ್ನ ಪ್ರಶ್ನೆ. ಅವನು ಇದ್ದಾನೆ. ಬರೀ ಹೆಸರಾಗಿದ್ದರೆ ಅರಣ್ಯದಲ್ಲಿ ನಮ್ಮ ಕರ್ತನ ಎದುರು ನಿಂತು ಬೈಬಲಿನ ವಾಕ್ಯ ಹೇಳಿ ವಾದ ಮಾಡಿದ್ದು ಯಾರು? ಹೆಸರಿಗೆ ಅಷ್ಟು ಜಾಣತನ ಇರುವುದಿಲ್ಲ. ಆದರೆ ನೀನು ಅವನನ್ನು ಎರಡನೆಯ ದೇವರನ್ನಾಗಿ ಮಾಡಿಕೊಂಡು ನಡುಗಬೇಡ. ಅವನೂ ಉಂಟುಮಾಡಲ್ಪಟ್ಟವನೇ. ದೇವರು ಮಾಡಿದ್ದೆಲ್ಲ ಒಳ್ಳೆಯದು, ಇವನೂ ಮೊದಲು ಒಳ್ಳೆಯವನಾಗಿದ್ದವನೇ, ಆಮೇಲೆ ಕೆಟ್ಟ. ಹಾಗಾಗಿ ಅವನದೆಂದು ಹೇಳಿಕೊಳ್ಳುವ ಸ್ವಂತದ್ದು ಒಂದೂ ಇಲ್ಲ. ಒಂದು ಸೊಳ್ಳೆಯನ್ನೂ ಅವನು ಮಾಡಲಾರ. ಕೈಯಿಲ್ಲ, ಕಾಲಿಲ್ಲ, ಏನು ಮಾಡಬೇಕಾದರೂ ಇನ್ನೊಬ್ಬರ ಕೈಕಾಲು ಬೇಕು. ನಮ್ಮ ಮನಸ್ಸಿನಲ್ಲಿರುವುದೂ ಅವನಿಗೆ ಕಾಣುವುದಿಲ್ಲ, ಅದು ದೇವರಿಗೆ ಮಾತ್ರ. ನಾವು ಆಡಿದ್ದು, ಮಾಡಿದ್ದು ನೋಡಿ ಅಂದಾಜು ಕಟ್ಟುತ್ತಾನೆ. ದೀಕ್ಷಾಸ್ನಾನ ಆದವರ ಮನೆ ಅವನದ್ದಾಗುವುದಿಲ್ಲ. ಹೊರಗೆ ರಸ್ತೆಯಲ್ಲಿ ನಿಂತು ಕೂಗಬಲ್ಲ, ಅಷ್ಟೇ. ಅವನ ಕಸುಬು ಒಂದೇ, ಸುಳ್ಳು ಹೇಳುವುದು.

ಆದರೆ ಕೇಳು. ಧ್ವನಿ ಕೇಳಿಸಿದವರಿಗೆಲ್ಲ ಸೈತಾನ ಎನ್ನುವವನು ಪಾದ್ರಿಯಲ್ಲ, ಸೋಮಾರಿ. ನಲವತ್ತು ವರ್ಷ ಊರೂರು ತಿರುಗಿ ಪ್ರಾರ್ಥನೆ ಮಾಡಿದ್ದೇನೆ, ಮೊದಲು ಮೈ ನೋಡಬೇಕು, ಆಮೇಲೆ ಆತ್ಮ. ಅವಳಿಗೆ ನಿದ್ದೆ ಬರುತ್ತದೆಯೆ? ಊಟ ಮಾಡುತ್ತಾಳೆಯೆ? ಜ್ವರ ಬಂದಿತ್ತೆ? ಡಾಕ್ಟರಿಗೆ ತೋರಿಸಿದ್ದೀರಾ? ಮುಖ್ಯವಾಗಿ, ಈಚೆಗೆ ಹೆರಿಗೆ ಆಗಿದೆಯೆ? ಈ ಕೊನೆಯದನ್ನು ಸರಿಯಾಗಿ ವಿಚಾರಿಸಿ ಬರೆ. ಯಾಕೆ ಎಂದು ಕೇಳಬೇಡ. ಉತ್ತರ ಬರುವವರೆಗೆ ಉಪವಾಸ ಗಿಪವಾಸ ಎಂದು ಏನೂ ಮಾಡಬೇಡ.

ಸಪ್ನಾಳನ್ನು ಐದನೆಯ ತಿಂಗಳು ತುಂಬುವವರೆಗೆ ತವರಲ್ಲೇ ಬಿಡು. ನಿನಗೆ ಅನ್ನ ಮಾಡಿಕೊಳ್ಳಲು ಬಾರದಿದ್ದರೆ ಸಭೆಯವರು ಯಾರಾದರೂ ಡಬ್ಬಿ ಕೊಟ್ಟಾರು.

ಸಖುಬಾಯಿ


ಔರಾದ
11 ಸೆಪ್ಟೆಂಬರ್ 2024

ಪ್ರೀತಿಯ ಆಯಿಗೆ,

ನೀವು ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತೇನೆ. ನಿದ್ದೆ ಮಾಡುತ್ತಾಳೆ. ಊಟ ಸುಮಾರಾಗಿ ಆಗುತ್ತದೆ. ಜ್ವರ ಇಲ್ಲ. ಡಾಕ್ಟರು ನೋಡಿದರು, ಏನೂ ಇಲ್ಲ ಎಂದರು. ಹೆರಿಗೆ ಆಗಿಲ್ಲ. ಆ ಸಹೋದರಿಗೆ ಮಕ್ಕಳಿಲ್ಲ.

ಹೀಗಿರುವಾಗ ಇನ್ನು ಏನು ಉಳಿಯಿತು, ನೀವೇ ಹೇಳಿ. ಧ್ವನಿ ಈಗ ಹಿಟ್ಟಿನ ಡಬ್ಬಿ ಬಿಟ್ಟು ಅವಳ ಹಿಂದೆ ಹಿಂದೆಯೇ ತಿರುಗುತ್ತಿದೆ. ಬೆಳಿಗ್ಗೆ ನಾನು ಚಹಾ ಒಯ್ದು ಕೊಟ್ಟರೆ ಕಪ್ಪಿನೊಳಗೆ ಬಹಳ ಹೊತ್ತು ನೋಡಿ, "ಇದರಾಗ ಏನ್ ಹಾಕೀರಿ?" ಎಂದಳು. ಏನೂ ಹಾಕಿಲ್ಲ ಎಂದರೆ ನಕ್ಕಳು. ಆ ನಗು ಅವಳದಲ್ಲ ಆಯಿ. ಅವಳು ಹೇಗೆ ನಗುತ್ತಾಳೆಂದು ನನಗೆ ಗೊತ್ತು. ಆಮೇಲೆ ಮೆಲ್ಲಗೆ, "ಅಂವಾ ನಿಮ್ಮ ಬಗ್ಗೆನೂ ಹೇಳ್ಯಾನ" ಎಂದಳು. ಏನು ಹೇಳಿದ್ದಾನೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ನವೆಂಬರಿನಲ್ಲಿ ಮೇಲಿನವರು ನಮ್ಮ ಸಭೆ ನೋಡಲು ಬರುತ್ತಾರೆ. ಅಷ್ಟರೊಳಗೆ ಇದು ಮುಗಿಯಬೇಕು. ಸಭೆಯ ಹಿರಿಯ ಮಡೆಪ್ಪನವರಿಗೆ ಆಗಲೇ ಸಂಶಯ ಬಂದಿದೆ. ಮೂರು ದಿನದ ಉಪವಾಸ ಪ್ರಾರ್ಥನೆಗೆ ನಿಮ್ಮ ಒಪ್ಪಿಗೆ ಬೇಕು. ಹೇಗೆ ಮಾಡಬೇಕೆಂದು ಬರೆಯಿರಿ. ನೀವು ಹೇಳಿದರೆ ಮಾತ್ರ ಮಾಡುತ್ತೇನೆ.

ತಿಮೋಥಿ


ಮೈಲೂರ, ಬೀದರ
16 ಸೆಪ್ಟೆಂಬರ್ 2024

ತಿಮೋಥಿ,

ನಿನ್ನ ಉತ್ತರ ಓದಿ ಎರಡು ದಿನ ಯೋಚನೆ ಮಾಡಿದೆ. ಮೈ ಚೆನ್ನಾಗಿದೆ, ನಿದ್ದೆ ಇದೆ, ಡಾಕ್ಟರು ನೋಡಿದ್ದಾರೆ, ಬಾಣಂತಿಯಲ್ಲ. ಹಾಗಾದರೆ ಉಪವಾಸ ಪ್ರಾರ್ಥನೆ ಮಾಡು ಎನ್ನದೆ ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಹೀಗೆ ಮಾಡು. ಅವಳನ್ನು ಒಂದು ಕೋಣೆಯಲ್ಲಿ ಇಡು, ಹೊರಗಿನಿಂದ ಬಾಗಿಲು ಹಾಕಿಕೊ. ನೋಡಲು ಬರುವವರ ಗುಂಪು ಸೇರಿಸಬೇಡ, ಅವನಿಗೆ ಗುಂಪೆಂದರೆ ಬಹಳ ಇಷ್ಟ. ನಂಬಿಗಸ್ತರು ಇಬ್ಬರು ಮೂವರು ಸರದಿಯಂತೆ ಹೊರಗೆ ಕುಳಿತು ಪ್ರಾರ್ಥಿಸಲಿ. ಅವಳು ಬೇಡಿದರೂ, ಬೈದರೂ ಉತ್ತರ ಕೊಡಬೇಡಿ. ಅವನ ಜೊತೆ ಮಾತಿಗಿಳಿದವರು ಯಾರೂ ಗೆದ್ದಿಲ್ಲ. ನೀರು ಮಾತ್ರ ತಪ್ಪಿಸಬೇಡ.

ಈಗ ಇನ್ನೊಂದು ಮಾತು, ಸಿಟ್ಟಾಗಬೇಡ. ಸಿಟ್ಟಾದರೂ ಆಗು. ಬೇರೆ ಮನೆಯ ಹೆಣ್ಣಿಗೆ ಬೆಳಗಿನ ಚಹಾ ನೀನು ಯಾಕೆ ಒಯ್ಯುತ್ತೀ? ಅವಳು ಹೇಗೆ ನಗುತ್ತಾಳೆಂದು ನಿನಗೆ ಅಷ್ಟು ಚೆನ್ನಾಗಿ ಹೇಗೆ ಗೊತ್ತು? ಕಿವಿ ಹೋಗಿದೆ, ಕಣ್ಣು ಇನ್ನೂ ಇದೆ. ಹೆಂಡತಿ ಬಾಣಂತನಕ್ಕೆ ಹೋದಾಗ ದಾರಿ ತಪ್ಪಿದ ಗಂಡಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅವರಲ್ಲಿ ಪಾದ್ರಿಗಳೂ ಇದ್ದರು. ಅಂಥದ್ದೇನಾದರೂ ಇದ್ದರೆ ಈಗಲೇ ದೂರ ಸರಿ. ಸಪ್ನಾಳನ್ನು ಐದು ತಿಂಗಳು ಬಿಡು ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಬೇಗ ಕರೆಸಿಕೊ.

ಸಖುಬಾಯಿ


ಔರಾದ
20 ಸೆಪ್ಟೆಂಬರ್ 2024

ಆಯಿ,

ನೀವು ಅಂದುಕೊಂಡಂಥದ್ದು ಏನೂ ಇಲ್ಲ. ಅಂಥದ್ದೇ ಆಗಿದ್ದರೆ ಚೆನ್ನಾಗಿತ್ತು ಎನಿಸುತ್ತಿದೆ.

ಇವತ್ತು ಎರಡನೆಯ ದಿನ. ಫೋನ್ ಆರಿಸಿಟ್ಟಿದ್ದೇವೆ. ನಾನು, ಮಡೆಪ್ಪ, ನಮ್ಮ ಸಭೆಯ ಕೌಸಲ್ಯಾಬಾಯಿ ಸರದಿಯಂತೆ ಬಾಗಿಲ ಹೊರಗೆ ಕುಳಿತಿದ್ದೇವೆ. ನಿನ್ನೆಯೆಲ್ಲ ಅವಳು ಬಾಗಿಲು ಬಡಿದಳು. "ಬಾಗಿಲು ತೆಗೀರಿ, ನಾ ಏನೂ ಮಾಡಂಗಿಲ್ಲ, ನಿಮ್ಮ ಕಾಲು ಬೀಳ್ತೇನಿ" ಎಂದಳು. ನೀವು ಹೇಳಿದ ಹಾಗೆ ನಾನು ಉತ್ತರ ಕೊಡಲಿಲ್ಲ. ಜೋರಾಗಿ ಪ್ರಾರ್ಥಿಸಿದೆ, ಅವಳ ದನಿ ನನಗೆ ಕೇಳಬಾರದೆಂದು. ಇವತ್ತು ಮಧ್ಯಾಹ್ನದಿಂದ ಬಡಿಯುವುದು ನಿಂತಿದೆ. ಮಡೆಪ್ಪನವರು, "ಅಂವಾ ಸೋಲಾಕತ್ತಾನ್ರೀ" ಎಂದು ಸಂತೋಷಪಟ್ಟರು. ನನಗೆ ಬಡಿಯುವುದೇ ವಾಸಿಯಿತ್ತು. ಒಳಗಿಟ್ಟ ನೀರಿನ ತಂಬಿಗೆ ಮುಟ್ಟಿಲ್ಲ.

ಪಡಸಾಲೆಯಲ್ಲಿ ಕೂಸು ಒಂದೇ ಸಮನೆ ಅಳುತ್ತಿದೆ. ಕೌಸಲ್ಯಾಬಾಯಿ ಚಮಚದಲ್ಲಿ ಆಕಳ ಹಾಲು ಹಾಕಿದರೆ ಉಗುಳುತ್ತದೆ. ಅದು ಅತ್ತಾಗಲೆಲ್ಲ ಒಳಗಿನಿಂದ ಗೋಡೆಗೆ ಏನೋ ತಾಗಿದ ಸದ್ದಾಗುತ್ತದೆ.

ನಾಳೆ ಕೊನೆಯ ದಿನ.

ತಿಮೋಥಿ


ಮೈಲೂರ, ಬೀದರ
21 ಸೆಪ್ಟೆಂಬರ್ 2024, ಬೆಳಿಗ್ಗೆ ಹತ್ತು ಗಂಟೆ

ತಿಮೋಥಿ,

ಇದನ್ನು ಓದುವ ಮೊದಲು ಬಾಗಿಲು ತೆಗೆ.

ತೆಗೆದೆಯಾ? ಈಗ ಓದು. ನಿನ್ನ ಅತ್ತೆ ಅನುಸೂಯಾಬಾಯಿ ಇವತ್ತು ಭಾಲ್ಕಿಯಿಂದ ನನ್ನನ್ನು ನೋಡಲು ಬಂದರು. ಸಪ್ನಾ ಹೇಗಿದ್ದಾಳೆ ಎಂದೆ. ಅವರು ನನ್ನ ಪಾಟಿಯ ಮೇಲೆ ಬರೆದು ತೋರಿಸಿದರು: "ನಾ ನಿಮಗ ಕೇಳಬೇಕಂತ ಬಂದೀನ್ರಿ. ತಿಂಗಳಾತು ಅಳಿಯ ಬಂದು ಕರಕೊಂಡು ಹೋಗಿ. ನಾಲ್ಕು ದಿನಾತು ಫೋನ್ ಎತ್ತವಲ್ರು."

ಹೆರಿಗೆಯಾದ ನಲವತ್ತನೆಯ ದಿನಕ್ಕೆ ಕರೆತಂದೆಯಂತೆ, ಪಾದ್ರಿಯ ಮನೆಯಲ್ಲಿ ಪಾದ್ರಿಯ ಹೆಂಡತಿ ಇರಬೇಕೆಂದು. ಆ ಸಹೋದರಿ ಸಪ್ನಾ. ಹಿಂದಕ್ಕೆ ಕೊಡು ಎಂದು ಆ ಧ್ವನಿ ಹೇಳುತ್ತಿರುವುದು ಕೂಸನ್ನು. ಹೆರಿಗೆ ಆಗಿದೆಯೆ ಎಂದು ನಾನು ಒತ್ತಿ ಒತ್ತಿ ಕೇಳಿದ್ದೆ, ನೀನು ಮಕ್ಕಳೇ ಇಲ್ಲ ಎಂದು ಬರೆದೆ.

ಯಾಕೆ ಕೇಳಿದೆ ಎನ್ನುವುದು ಈಗ ಹೇಳುತ್ತೇನೆ. ಜನವಾಡದ ಆ ಹೆಂಗಸಿಗೆ ಹದಿನೆಂಟು ದಿನದ ಕೂಸಿತ್ತು. ಬಾಗಿಲು ಹಾಕಿಸಿದ್ದು ನಾನು. ಮೂರನೆಯ ದಿನ ಸಂಜೆ ಬಾಗಿಲು ತೆಗೆದು ಬಿಡುಗಡೆಯಾಯಿತೆಂದು ಹಾಡು ಹಾಡಿದೆವು, ಕೂಸನ್ನು ಅವಳ ಕೈಗೆ ಕೊಟ್ಟೆವು. ಬಾವಿಗೆ ಅವಳು ಒಬ್ಬಳೇ ಬೀಳಲಿಲ್ಲ. ನಲವತ್ತು ವರ್ಷ ಸಾಕ್ಷಿ ಹೇಳುವಾಗ ನಾನು ಕೂಸನ್ನು ಬಿಟ್ಟು ಹೇಳಿದ್ದೇನೆ. ಕೂಸಿನ ಸುದ್ದಿ ಬಂದರೆ ಬಾಣಂತಿಯನ್ನು ಯಾಕೆ ಕೂಡಿ ಹಾಕಿದಿರಿ ಎಂದು ಯಾರಾದರೂ ಕೇಳುತ್ತಿದ್ದರು. ಎಲ್ಲವನ್ನೂ ಸೈತಾನನ ಮೇಲೆ ಹಾಕಿ ನಾನು ಹಗುರಾದೆ. ಅದನ್ನು ಕೇಳಿ ಬೆಳೆದವನು ನೀನು.

ಅತ್ತೆಯ ಮಾತಿಗೆ ನೀನು ಬಾಗಿಲು ತೆಗೆಯಲಿಕ್ಕಿಲ್ಲವೆಂದು ಈ ಚೀಟಿ ಕೊಟ್ಟಿದ್ದೇನೆ. ನಮ್ಮ ಓಣಿಯ ಉಸ್ಮಾನ ಮಿಯಾನ ಜೀಪಿನಲ್ಲಿ ಅವರು ಈಗಲೇ ಹೊರಡುತ್ತಾರೆ. ನನ್ನ ಮೊಣಕಾಲು ಜೀಪು ಹತ್ತಗೊಡುತ್ತಿಲ್ಲ. ಅದೇ ಜೀಪಿನಲ್ಲಿ ಸಪ್ನಾಳನ್ನು ಬೀದರದ ಆಸ್ಪತ್ರೆಗೆ ಕಳಿಸು. ಕೂಸು ಅನುಸೂಯಾಬಾಯಿಯ ಮಡಿಲಲ್ಲಿರಲಿ, ಸಪ್ನಾಳ ಕೈಗೆ ಈಗ ಬೇಡ. ಪ್ರಾರ್ಥನೆ ಮಾಡುತ್ತ ತಡಮಾಡಬೇಡ. ನನಗೆ ಬಹಳ ಹೆದರಿಕೆಯಾಗಿದೆ.

ಸಖುಬಾಯಿ


ಔರಾದ
24 ಸೆಪ್ಟೆಂಬರ್ 2024

ಆಯಿ,

ಮೂರು ದಿನದಿಂದ ಈ ಪತ್ರ ಶುರು ಮಾಡಿ ಹರಿಯುತ್ತಿದ್ದೇನೆ.

ಜೀಪು ಬಂದಾಗ ಹನ್ನೊಂದೂವರೆ. ನಿಮ್ಮ ಚೀಟಿಯ ಮೊದಲ ಸಾಲು ಓದಿ ಕೀಲಿ ತೆಗೆಯಲು ಹೋದೆ, ಕೀಲಿಕೈಯನ್ನು ತಲೆಕೆಳಗಾಗಿ ತುರುಕುತ್ತಿದ್ದೆ. ಉಸ್ಮಾನ ಮಿಯಾ ಅವರೇ ಕಸಿದುಕೊಂಡು ತೆಗೆದರು. ಸಪ್ನಾ ಕಿಟಕಿಯ ಕೆಳಗೆ ಕುಳಿತಿದ್ದಳು. ತುಟಿ ಒಡೆದಿತ್ತು, ಸೀರೆಯ ಎದೆಭಾಗ ಹಾಲಿನಿಂದ ನೆನೆದು ಒಣಗಿ ರಟ್ಟಿನ ಹಾಗಾಗಿತ್ತು. ಸೆರಗನ್ನು ಉದ್ದಕ್ಕೆ ಹರಿದಿಟ್ಟುಕೊಂಡಿದ್ದಳು. ಯಾಕೆಂದು ಕೇಳುವ ಅಗತ್ಯ ಬೀಳಲಿಲ್ಲ. ಇನ್ನೊಂದು ತಾಸು ತಡವಾಗಿದ್ದರೆ ಏನಾಗುತ್ತಿತ್ತೋ ಬರೆಯಲು ನನ್ನಿಂದ ಆಗದು.

ನೀವು ಕೇಳಿದ ಪ್ರಶ್ನೆಗಳಿಗೆ ಈಗ ಸರಿಯಾದ ಉತ್ತರ: ಅವಳು ಇಪ್ಪತ್ತು ದಿನದಿಂದ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಡಾಕ್ಟರಿಗೆ ತೋರಿಸಿರಲಿಲ್ಲ. ಪಾದ್ರಿಯ ಹೆಂಡತಿಗೇ ಹಿಡಿದಿದೆ ಎಂದರೆ ನನ್ನ ಮಾತನ್ನು ಯಾರು ಕೇಳುತ್ತಾರೆ ಎಂದು ಹೆದರಿದೆ. ಹುಚ್ಚು ಎಂದರೂ ಅದೇ.

ಶನಿವಾರ ನಾನು ಜೀಪು ಹತ್ತಲಿಲ್ಲ. ಭಾನುವಾರ ಆರಾಧನೆ ನಡೆಸುವವರು ಬೇರೆ ಯಾರೂ ಇಲ್ಲವೆಂದು ಹೇಳಿಕೊಂಡು ಉಳಿದೆ. ನಿಜ ಹೇಳಬೇಕೆಂದರೆ ಅವಳ ಎದುರು ಕುಳಿತು ಬೀದರದವರೆಗೆ ಬರುವ ಧೈರ್ಯ ಇರಲಿಲ್ಲ. ಭಾನುವಾರ ಮಡೆಪ್ಪನವರು ಎದ್ದು ನಿಂತು ಸಾಕ್ಷಿ ಹೇಳಿದರು. "ನಮ್ಮ ಪಾಸ್ಟರಮ್ಮನವರಿಗೆ ಆರಾಮಿರಲಿಲ್ಲ, ಉಪವಾಸದಿಂದ ಸೈತಾನ ಬಿಟ್ಟು ಓಡ್ಯಾನ, ಈಗ ತವರಿಗೆ ಹೋಗ್ಯಾರ" ಎಂದರು. ಎಲ್ಲರೂ ಸ್ತೋತ್ರ ಎಂದರು. ನಾನೂ ಎಂದೆ.

ನೋಡಲು ಬರಲೇ?

ತಿಮೋಥಿ


ಮೈಲೂರ, ಬೀದರ
30 ಸೆಪ್ಟೆಂಬರ್ 2024

ತಿಮೋಥಿ,

ಬೇಡವೆಂದು ಅನುಸೂಯಾಬಾಯಿ ಫೋನಿನಲ್ಲಿ ಹೇಳಿದ್ದಾರೆ, ನೀನೂ ಬರಲಿಲ್ಲ. ಒಳ್ಳೆಯದಾಯಿತು. ಬಂದಿದ್ದರೆ ನನ್ನ ಕೋಲಿನ ಏಟು ತಿನ್ನುತ್ತಿದ್ದೆ.

ಇದು ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಬರುವ ರೋಗವಂತೆ. ಔಷಧವಿದೆಯಂತೆ, ವಾಸಿಯಾಗುತ್ತದಂತೆ. ಡಾಕ್ಟರಮ್ಮ ನನ್ನ ಪಾಟಿಯ ಮೇಲೆ ಇಷ್ಟನ್ನೂ ಬರೆದು, ಕೊನೆಗೆ "ಇನ್ನು ಒಂದು ದಿನ ಬಿಟ್ಟಿದ್ದರೆ ಉಳೀತಿದ್ದಿಲ್ಲ" ಎಂದು ಬರೆದು ಕೆಳಗೆ ಗೆರೆ ಎಳೆದರು. ಬಾಗಿಲು ಹಾಕು ಎಂದವಳು ನಾನೇ ಎಂದು ಅವರಿಗೆ ಹೇಳಿದೆ. ಅವರು ಎದ್ದು ಹೋದರು. ಬುಧವಾರ ಇಲ್ಲಿಯ ಸ್ತ್ರೀಯರ ಕೂಟದಲ್ಲಿ ಜನವಾಡದ್ದನ್ನು ಕೂಸಿನ ಸಮೇತ ಹೇಳಿದೆ. ಈಗ ಚರ್ಚಿನಲ್ಲಿ ನನ್ನ ಬೆಂಚಿನ ಮೇಲೆ ನಾನೊಬ್ಬಳೇ ಕೂಡುತ್ತೇನೆ, ಕಾಲು ಚಾಚಲು ಜಾಗ ಬೇಕಾದಷ್ಟಿದೆ.

ಸಪ್ನಾ ಮೊದಲ ನಾಲ್ಕು ದಿನ ಬರೀ ಮಲಗಿದಳು. ನಿನ್ನೆ ಎದ್ದು ಕುಳಿತು ಗಂಜಿ ಕುಡಿದಳು. ಕೂಸನ್ನು ದೂರದಿಂದ ನೋಡಿ ಅತ್ತಳು, ತಾನೇ "ಇನ್ನಾ ಬ್ಯಾಡ" ಎಂದಳಂತೆ. ಆಮೇಲೆ ಪಾಟಿ ತೆಗೆದುಕೊಂಡು ನನಗೆ ಬರೆದಳು: "ಅವರು ನಿಮಗ ಬರದ ಪತ್ರದಾಗ ನನ್ನ ಹೆಸರಿತ್ತೇನ್ರಿ?"

ನಾನು ಏನೇ ಆದರೂ ಸುಳ್ಳು ಹೇಳುವ ಹಾಗಿರಲಿಲ್ಲ. ಇರಲಿಲ್ಲ ಎಂದೆ. ಅವಳು ಒರೆಸಿ ಮತ್ತೆ ಬರೆದಳು: "ಕೂಸು ನಂದಲ್ಲ ಅಂತಿತ್ತು, ಚಹಾದಾಗ ವಿಷ ಅದ ಅಂತಿತ್ತು, ಎಲ್ಲಾ ಸುಳ್ಳಂತ ಡಾಕ್ಟರ್ ಹೇಳ್ಯಾರ. ನಿನ್ನ ಗಂಡ ನಿನ್ನ ಹೆಸರು ಯಾರ ಮುಂದೂ ಹೇಳಂಗಿಲ್ಲ ಅಂತನೂ ಅಂತಿತ್ತು. ಅದೊಂದು ಖರೇ ಆತು."

ಅದು ರೋಗದ ಧ್ವನಿ, ಅದರಲ್ಲಿ ನನಗೆ ಸಂಶಯವಿಲ್ಲ. ಸೈತಾನ ಇದ್ದಾನೆ ಎಂದು ಈಗಲೂ ನಂಬುತ್ತೇನೆ, ಆದರೆ ಅವನನ್ನು ಅವಳ ಕೋಣೆಯಲ್ಲಿ ಹುಡುಕಿದ್ದು ನಮ್ಮ ತಪ್ಪು. ಅವನಿಗೆ ಕೈಯಿಲ್ಲ ಎಂದು ನಾನೇ ಬರೆದಿದ್ದೆ. ಆ ಮೂರು ದಿನ ಅವನಿಗೆ ಬೇಕಾದ ಕೈಗಳೆಲ್ಲ ಬಾಗಿಲ ಹೊರಗಿದ್ದವು, ನನ್ನದು ಮೈಲೂರದಿಂದ ಪತ್ರ ಬರೆಯುತ್ತಿತ್ತು. ಮಡೆಪ್ಪನ ಸಾಕ್ಷಿಗೆ ನೀನು ಸ್ತೋತ್ರ ಎಂದದ್ದನ್ನು ಓದಿ ನನಗೆ ಮೊದಲಿಗಿಂತ ಹೆಚ್ಚು ಭಯವಾಯಿತು. ನಾನೂ ಹಾಗೇ ಶುರು ಮಾಡಿದ್ದು.

ಸಭೆಯ ಮುಂದೆ ಹೇಳು. ಆಮೇಲೆ ಬಾ. ಅವಳು ನಿನ್ನನ್ನು ನೋಡುತ್ತಾಳೋ ಇಲ್ಲವೋ ನಾನು ಹೇಳಲಾರೆ. ಹೊರಗೆ ಗಂಡಸರ ಚಪ್ಪಲಿ ಸದ್ದಾದರೆ ಈಗಲೂ ಗೋಡೆಯ ಕಡೆ ಸರಿಯುತ್ತಾಳೆ ಎಂದು ಅವಳ ತಾಯಿ ಬರೆದು ತೋರಿಸಿದರು.

ಸಖುಬಾಯಿ


ಔರಾದ
6 ಅಕ್ಟೋಬರ್ 2024, ಭಾನುವಾರ

ಆಯಿ,

ಇವತ್ತು ಹೇಳಿದೆ.

ಹೇಳುವ ಮೊದಲು ಏನಾಯಿತು ಎನ್ನುವುದನ್ನು ನಿಮಗೊಬ್ಬರಿಗೇ ಬರೆಯುತ್ತೇನೆ. ಹಾಡು ಮುಗಿದು ಜನ ಕುಳಿತರು. ನಾನು ಪೀಠದ ಮೇಲೆ ಕೈಯಿಟ್ಟು ನಿಂತೆ. ಆಗ ಒಂದೊಂದಾಗಿ ಮಾತುಗಳು ಬಂದವು. ಈ ಜನರ ನಂಬಿಕೆ ಇನ್ನೂ ಎಳೆಯದು, ಇವರನ್ನು ಎಡವಿಸಬೇಡ. ಸಪ್ನಾ ಪೂರ್ತಿ ವಾಸಿಯಾಗಲಿ, ಅವಳ ಮಾನದ ಪ್ರಶ್ನೆಯೂ ಇದೆ. ನೀನು ಪಶ್ಚಾತ್ತಾಪಪಟ್ಟದ್ದು ದೇವರಿಗೆ ಗೊತ್ತಿದೆಯಲ್ಲ, ಅಷ್ಟು ಸಾಲದೆ? ಎಲ್ಲವೂ ನನ್ನದೇ ದನಿ, ನಾನು ಪ್ರಸಂಗ ಮಾಡುವ ಶುದ್ಧ ಭಾಷೆ. ನಡುನಡುವೆ ಬೈಬಲಿನ ವಾಕ್ಯಗಳೂ ಬಂದವು, ತಪ್ಪಿಲ್ಲದೆ. ಅಷ್ಟು ಪ್ರೀತಿಯಿಂದ ಯಾರೂ ನನಗೆ ಬುದ್ಧಿ ಹೇಳಿರಲಿಲ್ಲ. ಒಂದು ತಿಂಗಳಿಂದ ದಿನಾ ಕೇಳುತ್ತಿದ್ದದ್ದು ಇದನ್ನೇ ಎಂದು ಅಲ್ಲಿ ನಿಂತಾಗ ಗುರುತು ಹತ್ತಿತು. ಅದು ಅವನೋ, ನಾನೋ, ನನಗೆ ಬೇರ್ಪಡಿಸಲು ಬರಲಿಲ್ಲ. ಈಗಲೂ ಬರುತ್ತಿಲ್ಲ.

ನನ್ನ ಹೆಂಡತಿ ಸಪ್ನಾ ಎಂದು ಶುರು ಮಾಡಿದೆ. ಬಾಣಂತಿಗೆ ರೋಗ ಬಂದಿತ್ತು, ನಾನು ಡಾಕ್ಟರಿಗೆ ತೋರಿಸದೆ ಎರಡೂವರೆ ದಿನ ಕೂಡಿ ಹಾಕಿದೆ, ಸೈತಾನ ಬಿಟ್ಟು ಓಡಿದ ಎಂದಾಗ ಗೊತ್ತಿದ್ದೂ ಸ್ತೋತ್ರ ಎಂದೆ, ಅದು ಸುಳ್ಳು ಎಂದೆ. ಮಡೆಪ್ಪನವರು ಎದ್ದು ಹೊರಗೆ ಹೋದರು, ಅವರ ಹಿಂದೆ ನಾಲ್ಕು ಮನೆಯವರು ಹೋದರು. ಆಶೀರ್ವಾದ ಹೇಳಿ ಮುಗಿಸಿದೆ. ಯಾರೂ ಕೈ ಕೊಡಲಿಲ್ಲ. ಕೌಸಲ್ಯಾಬಾಯಿ ಮಾತ್ರ ಕೊನೆಯವರೆಗೆ ನಿಂತಿದ್ದು, ಹತ್ತಿರ ಬಂದು ಯಾರಿಗೂ ಕೇಳದ ಹಾಗೆ, "ನನ್ನ ಸೊಸಿಗೂ ಹಿಂಗೇ ಆಗ್ಯಾದ್ರೀ. ಆ ಡಾಕ್ಟರಮ್ಮ ಯಾವ ದಿನ ಇರ್ತಾರ?" ಎಂದರು. ಎಷ್ಟು ದಿನದಿಂದ ಎಂದು ಕೇಳಿದೆ. "ನಿಮ್ಮ ಮನ್ಯಾಗ ಉಪಾಸ ಕೂತಾಗಿಂದ್ರಿ" ಎಂದರು. ಅವಳೂ ಈಗ ಒಳಗೆ ಇದ್ದಾಳೆಯೆ ಎಂದೆ. ಅವರು ಸೆರಗಿನ ಗಂಟಿನಿಂದ ಕೀಲಿಕೈ ಬಿಚ್ಚಿ ತೋರಿಸಿದರು. ಕೂಡಲೇ ಹೋಗಿ ಬಾಗಿಲು ತೆಗೆಸಿದೆ.

ನಾಳೆ ಬೆಳಗಿನ ಮೊದಲ ಬಸ್ಸಿಗೆ ಆ ಸೊಸೆಯನ್ನೂ ಕೌಸಲ್ಯಾಬಾಯಿಯನ್ನೂ ಕರೆದುಕೊಂಡು ಬರುತ್ತಿದ್ದೇನೆ. ಈ ಪತ್ರ ಅಂಚೆಗೆ ಹಾಕುವುದಿಲ್ಲ, ನಾನೇ ತಂದು ಕೊಡುತ್ತೇನೆ. ಮೊದಲು ನೀವು ಓದಿ, ಆಮೇಲೆ ಸಪ್ನಾ ಕೇಳಿದರೆ ಅವಳಿಗೆ ಕೊಡಿ. ಅಲ್ಲಿಯವರೆಗೆ ನಾನು ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ಕುಳಿತಿರುತ್ತೇನೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಅವಳು ಬೇಡ ಎಂದರೆ ಅಲ್ಲಿಂದಲೇ ಹಿಂದಿರುಗುತ್ತೇನೆ. ಬಾ ಎಂದರೆ ಏನು ಹೇಳಬೇಕೆಂದು ನನಗೆ ಗೊತ್ತಿಲ್ಲ ಆಯಿ. ಏನು ಹೇಳಲು ಹೋದರೂ ಅದೇ ಶುದ್ಧ ಭಾಷೆ ಬಾಯಿಗೆ ಬರುತ್ತಿದೆ.

ತಿಮೋಥಿ